ಉಚಿತ ಕ್ರೂಸ್‌ನ ಲೆಕ್ಕ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಹಡಗಿನ ಕ್ಯಾಸಿನೊದವರು ಕಳಿಸಿರುವ ‘ಉಚಿತ ಯಾನ’ದ ಆಹ್ವಾನವನ್ನು ನಂಬಬಹುದೇ ಎಂದು ಕೇಳಿದ್ದೀಯೆ. ನಂಬಬಹುದು, ಅದರಲ್ಲಿ ಮೋಸವಿಲ್ಲ. ಆದರೆ ಆ ಟಿಕೆಟ್ಟಿನ ಹಣದಲ್ಲಿ ಬಹುಪಾಲನ್ನು ನೀನು ಹಿಂದಿನ ಯಾನದಲ್ಲಿಯೇ ಸ್ಲಾಟ್ ಯಂತ್ರದ ಮುಂದೆ ಕುಳಿತು ಕಂತುಕಂತಾಗಿ ಕಟ್ಟಿಬಂದಿದ್ದೀಯೆ.

ಕ್ಯಾಸಿನೊ ನೋಡುವುದು ನಿನ್ನ ಸೋಲು ಗೆಲುವುಗಳನ್ನಷ್ಟೇ ಅಲ್ಲ. ಕೋಣೆಯ ಬಾಗಿಲು ತೆರೆಯುವ ಅದೇ ಕಾರ್ಡನ್ನು ಯಂತ್ರಕ್ಕೆ ಸಿಕ್ಕಿಸಿದ ಕ್ಷಣದಿಂದ ನೀನು ಒಟ್ಟು ಎಷ್ಟು ಹಣವನ್ನು ಪಣಕ್ಕೆ ಇಟ್ಟೆ ಎಂಬುದು ದಾಖಲಾಗುತ್ತ ಹೋಗುತ್ತದೆ. ಆ ಮೊತ್ತವನ್ನು ಆಟದಲ್ಲಿ ಕ್ಯಾಸಿನೊಗೆ ಸರಾಸರಿಯಾಗಿ ಉಳಿಯುವ ಶೇಕಡಾ ಪಾಲಿನಿಂದ ಗುಣಿಸಿದರೆ ನಿನ್ನಿಂದ ನಿರೀಕ್ಷಿಸಬಹುದಾದ ನಷ್ಟ ಸಿಗುತ್ತದೆ, ಮತ್ತು ಅದರ ಒಂದು ಭಾಗವನ್ನೇ ಅವರು ಯಾನದ ರೂಪದಲ್ಲಿ ಹಿಂದಿರುಗಿಸುತ್ತಾರೆ. ಜೇಬಿನಲ್ಲಿ 100 ಡಾಲರ್ ಮಾತ್ರ ಇದ್ದರೂ, ಗೆದ್ದದ್ದನ್ನು ಮತ್ತೆ ಮತ್ತೆ ಹಾಕುತ್ತ ಪ್ರತಿ ಸುತ್ತಿಗೆ 1 ಡಾಲರಿನಂತೆ ಗಂಟೆಗೆ 500 ಸುತ್ತು ಆಡಿದರೆ ಕ್ಯಾಸಿನೊದ ಪುಸ್ತಕದಲ್ಲಿ ನೀನು 500 ಡಾಲರಿನ ಆಟಗಾರ.

ರಾಯಲ್ ಕೆರಿಬಿಯನ್ ಎಂಬ ಹಡಗು ಕಂಪನಿಯ ‘ಕ್ಲಬ್ ರಾಯಲ್’ ಕ್ಯಾಸಿನೊ ಸದಸ್ಯತ್ವ ಯೋಜನೆಯನ್ನೇ ತೆಗೆದುಕೊ. ಅಲ್ಲಿ ಸ್ಲಾಟ್‌ನಲ್ಲಿ ಹಾಕಿದ ಪ್ರತಿ 5 ಡಾಲರಿಗೆ, ಯಂತ್ರದ ಪರದೆಯ ಮೇಲೆ ಆಡುವ ಇಸ್ಪೀಟು ಆಟವಾದ ವಿಡಿಯೊ ಪೋಕರ್‌ನಲ್ಲಿ ಹಾಕಿದ ಪ್ರತಿ 10 ಡಾಲರಿಗೆ ಒಂದು ಅಂಕ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಅವರ ವರ್ಷದಲ್ಲಿ 2,500 ಅಂಕ ಸೇರಿದರೆ ‘ಪ್ರೈಮ್’ ಎಂಬ ಮೇಲಿನ ಸದಸ್ಯ ದರ್ಜೆ. ಸ್ಲಾಟ್‌ನಲ್ಲಿ ಅಷ್ಟು ಅಂಕಕ್ಕೆ 12,500 ಡಾಲರ್ ಯಂತ್ರದೊಳಗೆ ಸುತ್ತಬೇಕು. ಯಂತ್ರ ನೂರಕ್ಕೆ 8 ಡಾಲರ್ ಇಟ್ಟುಕೊಳ್ಳುತ್ತದೆ ಎಂದುಕೊಂಡರೆ ನಿರೀಕ್ಷಿತ ನಷ್ಟ 1,000 ಡಾಲರ್. ವಿಡಿಯೊ ಪೋಕರ್‌ನಲ್ಲಿ 25,000 ಡಾಲರ್ ಸುತ್ತಬೇಕಾದರೂ, ‘ಫುಲ್ ಹೌಸ್’ ಎಂಬ ಎಲೆಗಳ ಜೋಡಣೆಗೆ ಪಣದ 9 ಪಟ್ಟು, ‘ಫ್ಲಶ್’ ಎಂಬ ಜೋಡಣೆಗೆ 6 ಪಟ್ಟು ಕೊಡುವ ‘ಜ್ಯಾಕ್ಸ್ ಆರ್ ಬೆಟರ್’ ಬಗೆಯ ಯಂತ್ರವನ್ನು ತಪ್ಪಿಲ್ಲದೆ ಆಡಿದರೆ ವಾಪಸಾತಿ ಶೇ 99.54, ಅಂದರೆ ನಷ್ಟ 115 ಡಾಲರ್. ಅದೇ ಆಟ 8 ಮತ್ತು 5 ಕೊಟ್ಟರೆ ವಾಪಸಾತಿ ಶೇ 97.3ಕ್ಕೆ ಇಳಿದು ನಷ್ಟ 675 ಡಾಲರಿಗೆ ಏರುತ್ತದೆ. ಒಳ್ಳೆಯ ಯಂತ್ರ ಹಡಗಿನಲ್ಲಿ ಸಿಗುವುದು ಅಪರೂಪ, ಆದ್ದರಿಂದ ಕೂರುವ ಮೊದಲು ಪರದೆಯ ಮೇಲಿನ ಬಹುಮಾನದ ಪಟ್ಟಿಯನ್ನು ಓದು. ಬ್ಲ್ಯಾಕ್‌ಜ್ಯಾಕ್ ಮೇಜಿನಲ್ಲಿಯೂ ಹೀಗೆಯೇ: ಮೊದಲ ಎರಡೇ ಎಲೆಗಳಲ್ಲಿ 21 ಬಂದಾಗ 2 ಡಾಲರಿನ ಪಣಕ್ಕೆ 3 ಡಾಲರ್ ಕೊಡುವ ಬದಲು 5 ಡಾಲರಿನ ಪಣಕ್ಕೆ 6 ಡಾಲರ್ ಕೊಡುವ ಮೇಜು ಕ್ಯಾಸಿನೊದ ಪಾಲನ್ನು ಪಣದ ಸುಮಾರು ಶೇ 1.4ರಷ್ಟು ಹೆಚ್ಚಿಸುತ್ತದೆ.

ಈ ಲೆಕ್ಕವನ್ನು ನಾನು ಕಲಿತದ್ದು ಕೈಸುಟ್ಟುಕೊಂಡು. ಒಂದು ಯಾನದ ಕೊನೆಯ ರಾತ್ರಿ ಮುಂದಿನ ಹಂತದ ಕೊಡುಗೆಗೆ ನನಗೆ 60 ಅಂಕ ಕಡಿಮೆಯಿತ್ತು. 300 ಡಾಲರ್ ಸುತ್ತಿಸಿದರೆ ಸಾಕು, ಹೋಗುವುದು ಹೆಚ್ಚೆಂದರೆ 25 ಡಾಲರ್ ಎಂದು ಕುಳಿತವನು 220 ಡಾಲರ್ ಕಳೆದು ಎದ್ದೆ. ಸರಾಸರಿ ಎಂಬುದು ಸಾವಿರಾರು ಸುತ್ತುಗಳ ಮಾತು. ಒಂದು ರಾತ್ರಿಗೆ ಅದು ಯಾವ ಭರವಸೆಯನ್ನೂ ಕೊಡುವುದಿಲ್ಲ. ಬೆಳಿಗ್ಗೆ ಬಾಗಿಲಿನ ಕೆಳಗಿನಿಂದ ತೂರಿಸಿದ್ದ ಉಚಿತ ಯಾನದ ಕಾಗದ ನೆಲದ ಮೇಲೆ ಕಂಡಾಗ ಬಂದ ಸಂತೋಷ ಮನೆಗೆ ಬಂದು ಅದೇ ದಿನಾಂಕದ ಸಾಮಾನ್ಯ ದರವನ್ನು ನೋಡುವವರೆಗೆ ಮಾತ್ರ ಉಳಿಯಿತು, ಏಕೆಂದರೆ ಸೀಸನ್ ಅಲ್ಲದ ಆ ವಾರದಲ್ಲಿ ಕಿಟಕಿಯಿಲ್ಲದ ಕೋಣೆ ನಾನು ಕಳೆದುಕೊಂಡದ್ದಕ್ಕಿಂತ ಸ್ವಲ್ಪವೇ ಹೆಚ್ಚಿನ ಬೆಲೆಗೆ ಮಾರಾಟಕ್ಕಿತ್ತು.

‘ಉಚಿತ’ ಎಂದರೂ ಬಂದರು ಶುಲ್ಕ ಮತ್ತು ತೆರಿಗೆಗಳು ನಿನ್ನವೇ. ಸಿಬ್ಬಂದಿಯ ಟಿಪ್ಸ್ ಕೂಡ ಸಾಮಾನ್ಯವಾಗಿ ಪ್ರತ್ಯೇಕ. ದೊಡ್ಡ ಕಂಪನಿಗಳಲ್ಲಿ ಅದು ತಲೆಗೆ ದಿನಕ್ಕೆ 18 ಡಾಲರಿನ ಆಸುಪಾಸಿನಲ್ಲಿದೆ. ಆಟದ ಹಣವನ್ನು ಕೋಣೆಯ ಖಾತೆಗೆ ಬರೆಸಿದರೆ ಹಲವು ಹಡಗುಗಳಲ್ಲಿ ಶೇ 3ರಿಂದ 5ರವರೆಗೆ ಶುಲ್ಕ ಹಿಡಿಯುತ್ತಾರೆ, ನಗದು ಒಯ್ದರೆ ಅದು ಉಳಿಯುತ್ತದೆ. ‘ಫ್ರೀ ಪ್ಲೇ’ ಎಂದು ಕೊಡುವ ಮೊತ್ತವನ್ನು ನಗದಾಗಿ ಪಡೆಯಲಾಗದು, ಒಮ್ಮೆ ಆಡಿ ಮುಗಿಸಲೇಬೇಕು. ಗೆದ್ದದ್ದು ಮಾತ್ರ ನಿನ್ನದು.

ಇಷ್ಟೆಲ್ಲ ಹೇಳಿದ ಮೇಲೂ ಈ ಕೊಡುಗೆಗಳಿಂದ ನಿಜವಾಗಿ ಉಳಿತಾಯ ಮಾಡುವವರಿದ್ದಾರೆ. ನಿನ್ನಂತೆ ಒಬ್ಬನೇ ಪ್ರಯಾಣಿಸುವವನು ಅವರಲ್ಲಿ ಮೊದಲಿಗ: ಸಾಮಾನ್ಯ ದರದಲ್ಲಿ ಕೊಂಡರೆ ಒಬ್ಬನಿಗೂ ಹೆಚ್ಚುಕಡಿಮೆ ಇಬ್ಬರ ಹಣ ಬೀಳುವ ಕೋಣೆ, ಇಬ್ಬರಿಗೆಂದು ಕೊಡುವ ಕ್ಯಾಸಿನೊ ಕೊಡುಗೆಯಲ್ಲಿ ಒಬ್ಬನ ತೆರಿಗೆಗೇ ಸಿಗಬಹುದು. ದಂಪತಿಗಳಾದರೆ ಅಂಕಗಳು ಎರಡು ಖಾತೆಗಳಲ್ಲಿ ಹರಿದು ಹಂಚಿಹೋಗದಂತೆ ಒಬ್ಬರೇ ಆಡುವುದು ಮೇಲು. ಕೊಡುಗೆ ಬರಲಿ ಬಿಡಲಿ ಮನರಂಜನೆಗೆಂದು ಇಂತಿಷ್ಟು ಹಣ ಎತ್ತಿಟ್ಟು ಆಡುವವನಿಗೆ ಈ ಯಾನ ನಿಜಕ್ಕೂ ಲಾಭ. ಅಂಕಕ್ಕಾಗಿ ಆಡುವವನಿಗೆ ಅಲ್ಲ.

ಹಾಗಾಗಿ ಒಪ್ಪಿಗೆ ಕೊಡುವ ಮುನ್ನ ಅದೇ ಹಡಗು, ಅದೇ ದಿನಾಂಕ, ಅದೇ ಬಗೆಯ ಕೋಣೆಯ ಸಾಮಾನ್ಯ ದರವನ್ನು ಒಂದು ಹಾಳೆಯಲ್ಲಿ ಬರೆದುಕೊ. ಪಕ್ಕದಲ್ಲಿ ತೆರಿಗೆ, ಟಿಪ್ಸ್ ಮತ್ತು ಈ ಬಾರಿ ಕ್ಯಾಸಿನೊದಲ್ಲಿ ಕಳೆಯಲು ನೀನು ಸಿದ್ಧನಿರುವ ಮೊತ್ತವನ್ನು ಪ್ರಾಮಾಣಿಕವಾಗಿ ಬರೆ. ಆ ಹಾಳೆಯನ್ನು ನನಗೂ ಕಳಿಸು. ಆಹ್ವಾನದಲ್ಲಿ ಕಾಯ್ದಿರಿಸಲು ಕೊನೆಯ ದಿನಾಂಕ ಇದ್ದೇ ಇರುತ್ತದೆ, ಅದಕ್ಕೆ ಮೊದಲೇ ಇಬ್ಬರೂ ಕೂತು ನೋಡೋಣ.

ನಿನ್ನ ಗೆಳೆಯ