ಹೈಸ್ಕೂಲ್ ಮಕ್ಕಳಿಗೆ ಒಂದು ಬರ್ಲಿನ್ ಪತ್ತೇದಾರಿ ಕಥೆ ಹಾಕಿ

ಸಂಪಾದಕರಿಗೆ ನಮಸ್ಕಾರ,

ಹೈಸ್ಕೂಲ್, ಪಿಯುಸಿ ಮಕ್ಕಳಿಗೆ ಅಂತ ನಿಮ್ಮ ಪುರವಣಿಯಲ್ಲಿ ಒಂದು ಪತ್ತೇದಾರಿ ಧಾರಾವಾಹಿ ಶುರು ಮಾಡಿ, ಅದೂ ನಾಜಿಗಳು ಅಧಿಕಾರಕ್ಕೆ ಬಂದ ಕಾಲದ್ದು ಆಗಿರ್ಲಿ. ಆ ಕಾಲದಲ್ಲಿ ನಿಗೂಢಕ್ಕೇನು ಬರ ಇಲ್ಲ. 1933ರ ಜನವರಿ 30ಕ್ಕೆ ಹಿಟ್ಲರ್ ಜರ್ಮನಿಯ ಚಾನ್ಸಲರ್, ಅಂದ್ರೆ ಸರ್ಕಾರದ ಮುಖ್ಯಸ್ಥ ಆದ, ಫೆಬ್ರವರಿ 27ರ ರಾತ್ರಿ ಬರ್ಲಿನ್ನಿನ ಸಂಸತ್ ಭವನ ರೈಖ್‌ಸ್ಟಾಗ್ ಹೊತ್ತಿ ಉರೀತು, ಒಳಗೆ ಸಿಕ್ಕಿಬಿದ್ದೋನು 24 ವರ್ಷದ ಡಚ್ ಹುಡುಗ ಮರಿನಸ್ ವಾನ್ ಡೆರ್ ಲುಬ್ಬೆ, ಅವನೊಬ್ಬನೇ ಹಚ್ಚಿದ್ನಾ ಇಲ್ಲಾ ಹಿಂದೆ ಬೇರೆಯವ್ರು ಇದ್ರಾ ಅಂತ ಇವತ್ತಿಗೂ ವಾದ ನಡೀತಾನೇ ಇದೆ. ಮಾರನೇ ದಿನವೇ ತುರ್ತು ಆದೇಶ ಬಂತು, ಮಾತಾಡೋ ಹಕ್ಕು, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರೋ ಹಕ್ಕು ಎಲ್ಲಾ ಹೋಯ್ತು, ಜನರ ಕಾಗದ ಒಡೆದು ಓದೋಕೂ ಅಡ್ಡಿ ಇರ್ಲಿಲ್ಲ.

ಇದನ್ನ ಬರ್ಲಿನ್ನಿನ ಹದಿನೈದು ವರ್ಷದ ಹುಡುಗಿ ಕಣ್ಣಿಂದ ಹೇಳಿದ್ರೆ ಹೇಗಿರುತ್ತೆ ಯೋಚಿಸಿ. ಅವಳಿಗೆ ಸುಳಿವು ಸಿಕ್ಕಿದ್ರೂ ಪೊಲೀಸ್ ಸ್ಟೇಷನ್ನಿಗೆ ಹೋಗೋಂಗಿಲ್ಲ, ಯಾಕಂದ್ರೆ ಹಿಟ್ಲರನ ಮಂತ್ರಿ ಗೋರಿಂಗ್ ಆಗ್ಲೇ ನಾಜಿ ಪಡೆಯ ಕಂದು ಶರ್ಟಿನೋರನ್ನೇ ಸಹಾಯಕ ಪೊಲೀಸ್ ಮಾಡಿದ್ದ. ಏಪ್ರಿಲ್ 1ಕ್ಕೆ ಅದೇ ಶರ್ಟಿನೋರು ಯಹೂದಿಗಳ ಅಂಗಡಿ ಬಾಗಿಲಲ್ಲಿ ‘ಇಲ್ಲಿ ಕೊಳ್ಳಬೇಡಿ’ ಅನ್ನೋ ಬೋರ್ಡ್ ಹಿಡ್ಕೊಂಡು ನಿಂತ್ರು, ಮೇ 10ಕ್ಕೆ ಕಾಲೇಜ್ ಓದೋರೇ ಪುಸ್ತಕ ರಾಶಿ ಹಾಕಿ ಸುಟ್ರು, ಇದು ನಂಗೆ ಎಲ್ಲಕ್ಕಿಂತ ಸಂಕಟ ಆಗೋ ವಿಷಯ.

ಬರೆಯೋರು ತಾರೀಖು ಮಾತ್ರ ಸರಿಯಾಗಿ ನೋಡ್ಕೊಳ್ಲಿ. ಯಹೂದಿಗಳು ಬಟ್ಟೆ ಮೇಲೆ ಹಾಕ್ಕೋಬೇಕಾಗಿದ್ದ ಹಳದಿ ನಕ್ಷತ್ರದ ಗುರುತು ಜರ್ಮನಿಯಲ್ಲಿ ಕಡ್ಡಾಯ ಆಗಿದ್ದು 1941ರಲ್ಲಿ, 1933ರ ಕಥೇಲಿ ಅದು ಬರ್ಬಾರ್ದು.

– ಒಬ್ಬ ಓದುಗ, ಹಾಸನ