ಕಂಪ್ಯೂಟರ್ ನನ್ದು, ರೀಸ್ಟಾರ್ಟ್ ಯಾವಾಗ ಅಂತ ನನ್ನನ್ನ ಕೇಳಿ

ಕಸ್ಟಮರ್ ಕೇರ್‌ನವರಿಗೆ,

ನಮಸ್ಕಾರ. ನಾನು ತಿಪಟೂರಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಕೊಂಡಿರೋನು. ಅಂಗಡೀಲಿ ನಿಮ್ಮ ಆಪರೇಟಿಂಗ್ ಸಿಸ್ಟಮ್ ಇರೋ ಎರಡು ಕಂಪ್ಯೂಟರ್ ಇದೆ, ಎರಡಕ್ಕೂ ದುಡ್ಡು ಕೊಟ್ಟೇ ಲೈಸೆನ್ಸ್ ತಗೊಂಡಿದ್ದೀನಿ, ಬಿಲ್ ಇದೆ. ಅಪ್‌ಡೇಟ್ ಅಂತ ಕಂಪ್ಯೂಟರ್ ನನ್ನನ್ನ ಕೇಳ್ದೇ ರೀಸ್ಟಾರ್ಟ್ ಆಗುತ್ತೆ ಅಂತ ಚಾಟಲ್ಲಿ ಮೂರು ಸಲ ಹೇಳ್ಕೊಂಡೆ, ಮೂರು ಸಲಾನೂ "ಅಪ್‌ಡೇಟ್ ನಿಮ್ಮ ಸುರಕ್ಷತೆಗಾಗಿ" ಅನ್ನೋ ಒಂದೇ ಉತ್ತರ ಬಂತು. ಅದಕ್ಕೇ ಕೂತು ಬರೀತಿದ್ದೀನಿ, ದಯವಿಟ್ಟು ಪೂರ್ತಿ ಓದಿ.

ಹೋದ ಗುರುವಾರ ಸಾಯಂಕಾಲ ಹತ್ತಿರದ ಹಳ್ಳಿಯಿಂದ ಒಬ್ಬರು ಯಜಮಾನ್ರು ಬಂದಿದ್ರು, ಹೆಂಡತಿ ತೀರ್ಕೊಂಡಿದ್ರು, ಹನ್ನೊಂದನೇ ದಿನದ ತಿಥಿ ಕಾರ್ಡ್ ಆಗ್ಬೇಕಿತ್ತು. ಇನ್ನೂರು ಕಾರ್ಡು, ರಾತ್ರಿಯೇ ತಗೊಂಡು ಹೋಗಿ ಬೆಳಗ್ಗೆಯಿಂದ ಊರೂರಿಗೆ ಹಂಚ್ಬೇಕು. ಫೋಟೋ ಸ್ಕ್ಯಾನ್ ಮಾಡಿ ಕೂರಿಸಿ ಸೇವ್ ಮಾಡ್ದೆ. ಆಮೇಲೆ ಕೆಳಗಡೆ "ದುಃಖತಪ್ತರು" ಅಂತ ಹಾಕ್ತೀವಲ್ಲ, ಅಲ್ಲಿಗೆ ಅವರು ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತು ಹೆಸರು ಹೇಳ್ತಾ ಹೋದ್ರು, ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ತವರಿನ ಕಡೆಯೋರು, ನಡುನಡುವೆ ಗಂಟಲು ಕಟ್ಟಿ ನಿಲ್ಲಿಸ್ತಿದ್ರು, ಒಂದು ಹೆಸರು ಬಿಟ್ಟೋಯ್ತು ಅಂತ ವಾಪಸ್ ಬರ್ತಿದ್ರು, ಯಾರ ಹೆಸರು ಮೊದಲು ಅನ್ನೋದು ನಮ್ಮ ಕಡೆ ಎಷ್ಟು ಸೂಕ್ಷ್ಮ ಅಂತ ನಿಮಗೂ ಗೊತ್ತಿರುತ್ತೆ. ಮುಕ್ಕಾಲು ಗಂಟೆ ಆಯ್ತು. ಯಾರೋ ಆಧಾರ್ ಜೆರಾಕ್ಸ್‌ಗೆ ಬಂದ್ರು ಅಂತ ಎದ್ದು ಹೋಗಿ ನಾಲ್ಕು ಕಾಪಿ ತೆಗೆದು ತಿರುಗಿ ನೋಡಿದ್ರೆ ಕಾರ್ಡ್ ಜೋಡಿಸೋ ಸಾಫ್ಟ್‌ವೇರ್ ಪೇಜ್‌ಮೇಕರ್ ಇಲ್ಲ, ಸ್ಕ್ರೀನ್ ತುಂಬಾ ನೀಲಿ, ಅಪ್‌ಡೇಟ್ ಆಗ್ತಿದೆ 12%, ಕಂಪ್ಯೂಟರ್ ಆಫ್ ಮಾಡಬೇಡಿ. "ಏನಪ್ಪಾ, ಎಲ್ಲಾ ಹೋಯ್ತಾ?" ಅಂದ್ರು ಅವರು. ಅವರಿಗೆ ಏನು ಹೇಳ್ಲಿ ಹೇಳಿ.

ಮಧ್ಯೆ ಮಧ್ಯೆ ಸೇವ್ ಮಾಡ್ಬೇಕಿತ್ತು ಅಂತ ನಿಮ್ಮ ಕಡೆಯೋರು ಹೇಳಿದ್ರು. ಒಪ್ಕೋತೀನಿ. ಆದ್ರೆ ಕರೆಂಟ್ ಹೋದ್ರೆ ಇರ್ಲಿ ಅಂತ ಯುಪಿಎಸ್ ಇಟ್ಟಿದ್ದೀನಿ, ನನ್ನ ಕೆಲಸವನ್ನ ನಡುವಲ್ಲಿ ನಿಲ್ಲಿಸಿದ್ದು ಕರೆಂಟ್ ಅಲ್ಲ, ನೀವು. ಸೆಟಿಂಗ್ಸಲ್ಲಿ ಆಕ್ಟಿವ್ ಅವರ್ಸ್ (ತಾನಾಗೇ ರೀಸ್ಟಾರ್ಟ್ ಆಗಬಾರದ ಹೊತ್ತು) ನೋಡಿದ್ರೆ ಬೆಳಗ್ಗೆ 8ರಿಂದ ಸಾಯಂಕಾಲ 5 ಅಂತ ಇತ್ತು, ನಾನು ಹಾಕಿದ್ದಲ್ಲ, ಮೊದಲಿಂದಲೇ ಹಂಗೇ ಬಂದಿರೋದು. ನಮ್ಮಂಥ ಅಂಗಡಿಗೆ ಜನ ಬರೋದೇ 5ರ ಮೇಲೆ, ಬಾಗಿಲು ಹಾಕೋದು ಒಂಬತ್ತೂವರೆಗೆ. ಅದೊಂದು ಸೆಟಿಂಗ್ ಇದೆ ಅಂತ ಕಂಪ್ಯೂಟರ್ ಮೊದಲ ದಿನವೇ ಹೇಳ್ಬೋದಿತ್ತಲ್ವಾ?

ಅಷ್ಟಕ್ಕೇ ಮುಗೀಲಿಲ್ಲ. 61% ಇದ್ದಾಗ ಕರೆಂಟ್ ಹೋಯ್ತು. ನಮ್ಮ ಯುಪಿಎಸ್ ಹತ್ತು ಹನ್ನೆರಡು ನಿಮಿಷ ಬರುತ್ತೆ, ಫೈಲ್ ಸೇವ್ ಮಾಡಿ ಆಫ್ ಮಾಡೋಕೆ ಅಷ್ಟು ಸಾಕು, ಅಪ್‌ಡೇಟ್ ಮುಗಿಯೋಕೆ ಸಾಲಲ್ಲ. ಯುಪಿಎಸ್ ಬೀಪ್ ಬೀಪ್ ಅಂತ ಹೊಡ್ಕೋತಿದೆ, ಸ್ಕ್ರೀನ್ ಮೇಲೆ ಆಫ್ ಮಾಡಬೇಡಿ ಅಂತ ಬರೆದಿದೆ, ನಾನು ಮೌಸ್ ಹಿಡ್ಕೊಂಡು ಸುಮ್ನೆ ನೋಡ್ತಾ ಕೂತಿದ್ದೆ, ಕೊನೆಗೆ ಟಪ್ ಅಂತ ಆರೋಯ್ತು. ಕರೆಂಟ್ ಬಂದ ಮೇಲೆ ಆನ್ ಮಾಡಿದ್ರೆ ಹಾಕಿದ್ದನ್ನೆಲ್ಲ ವಾಪಸ್ ತೆಗೀತಿದ್ದೀವಿ ಅಂತ ಇನ್ನೊಂದು ಗಂಟೆ. ರಾತ್ರಿ ಮತ್ತೆ ಅದೇ ಅಪ್‌ಡೇಟ್ ಹಾಕ್ಕೊಳ್ತು. ಇಂಟರ್ನೆಟ್ ಫೋನಿನ ಹಾಟ್‌ಸ್ಪಾಟಿಂದ, ಆ ದಿನದ ಡೇಟಾ ಪೂರ್ತಿ ಅದಕ್ಕೇ ಹೋಯ್ತು.

ಬೆಳಗ್ಗೆ ಬಂದು ನೋಡಿದ್ರೆ ಪ್ರಿಂಟರ್ ಡ್ರೈವರ್ (ಪ್ರಿಂಟರ್ ನಡೆಸೋ ಸಾಫ್ಟ್‌ವೇರ್) ಬದಲಾಗಿತ್ತು. ಕಾರ್ಡಿನ ಅಳತೆ ಅಂತ ನಾನು ಮಾಡಿಟ್ಕೊಂಡಿದ್ದ ಪೇಪರ್ ಸೈಜ್‌ಗಳೆಲ್ಲ ಮಾಯ. ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರ್ ಆನ್ ಆಗುತ್ತೆ, ಪೇಜ್‌ಮೇಕರಲ್ಲಿ ಟೈಪ್ ಮಾಡಿದ್ರೆ ಕನ್ನಡ ಬರ್ತಿಲ್ಲ, ಅದನ್ನ ಸರಿ ಮಾಡೋಕೆ ಮಧ್ಯಾಹ್ನ ಆಯ್ತು. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಹಳೇದು ಬಿಡಿ ಅಂತೀರ. ಆದ್ರೆ ಕನ್ನಡ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಅದರ ಮೇಲೇ ಕೆಲಸ ನಡೀತಿದೆ, ನನ್ನ ಹದಿನೈದು ವರ್ಷದ ಫೈಲುಗಳೆಲ್ಲ ಆ ಹಳೇ ಫಾಂಟುಗಳಲ್ಲೇ ಇದಾವೆ, ಬಿಟ್ಟು ಎಲ್ಲಿಗೆ ಹೋಗ್ಲಿ? ಯಜಮಾನ್ರಿಗೆ ಕಾರ್ಡ್ ಸಿಕ್ಕಿದ್ದು ಶುಕ್ರವಾರ ಕತ್ತಲಾದ ಮೇಲೆ. ದೂರದ ಎರಡು ಊರಿಗೆ ಫೋನಲ್ಲೇ ಹೇಳಿದ್ರಂತೆ. ಅವರ ಹತ್ರ ನಾನು ದುಡ್ಡು ತಗೊಳ್ಲಿಲ್ಲ.

ಅಪ್‌ಡೇಟೇ ಬೇಡ ಅನ್ನೋನು ನಾನಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ, ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್ ಬಂದು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕಂಪ್ಯೂಟರ್‌ಗಳು ಲಾಕ್ ಆಗಿ ಆಪರೇಷನ್‌ಗಳು ಕ್ಯಾನ್ಸಲ್ ಆದ್ವಲ್ಲ, ಅದನ್ನ ತಡೆಯೋ ಅಪ್‌ಡೇಟ್ ಮಾರ್ಚಲ್ಲೇ ಬಂದಿತ್ತು, ಹಾಕ್ಕೊಳ್ದೇ ಇದ್ದೋರೇ ಅದಕ್ಕೆ ಸಿಕ್ಕಿದ್ದು. ಅದೆಲ್ಲ ಗೊತ್ತು. ಆದ್ರೆ 2024ರ ಜುಲೈ 19ನೇ ತಾರೀಖೂ ನೆನಪಿದೆ, ಕಂಪ್ಯೂಟರ್ ಸೆಕ್ಯುರಿಟಿ ಕಂಪನಿ ಕ್ರೌಡ್‌ಸ್ಟ್ರೈಕ್‌ನವರ ಒಂದು ತಪ್ಪು ಅಪ್‌ಡೇಟ್ ಯಾರನ್ನೂ ಕೇಳ್ದೇ ತಾನಾಗೇ ಹೋಗಿ ಸುಮಾರು 85 ಲಕ್ಷ ಕಂಪ್ಯೂಟರ್ ನಿಂತೋದ್ವು, ನಮ್ಮ ದೇಶದ ಏರ್‌ಪೋರ್ಟಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ರು. ಒಂದೂಕಾಲು ಗಂಟೆಯಲ್ಲೇ ಆ ಅಪ್‌ಡೇಟ್ ವಾಪಸ್ ತಗೊಂಡ್ರು, ಆದ್ರೂ ಕೆಟ್ಟಿದ್ದ ಎಷ್ಟೋ ಮೆಷೀನ್‌ಗಳ ಮುಂದೆ ಒಬ್ಬೊಬ್ಬರು ಕೂತು ಕೈಯಾರೆ ಸರಿ ಮಾಡ್ಬೇಕಾಯ್ತು. ಎರಡು ದಿನ ಕಾದು ಹಾಕ್ಕೊಳ್ತೀನಿ ಅನ್ನೋಕೆ ನನ್ನಂಥೋರಿಗೆ ಹಕ್ಕು ಬೇಕು ಅನ್ನೋದು ಇದಕ್ಕೇ.

ನನ್ನ ಅಕ್ಕನ ಮಗ ಉಬುಂಟು ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕ್ಕೊಂಡಿದ್ದಾನೆ. ಅದು ಸೆಕ್ಯುರಿಟಿ ಅಪ್‌ಡೇಟ್ ತಾನೇ ಹಾಕ್ಕೊಳುತ್ತೆ, ಆದ್ರೆ ನಾವೇ ಹೇಳ್ದೇ ಇದ್ರೆ ತಾನಾಗೇ ರೀಸ್ಟಾರ್ಟ್ ಮಾಡಲ್ಲ, ರೀಸ್ಟಾರ್ಟ್ ಬೇಕು ಅಂತ ತಿಳಿಸಿ ಸುಮ್ನೆ ಕಾಯುತ್ತೆ. ನನಗೂ ಬೇಕಾಗಿರೋದು ಅಷ್ಟೇ. ಫೈಲ್ ಓಪನ್ ಇದ್ರೆ ರೀಸ್ಟಾರ್ಟ್ ಬೇಡ, ಯುಪಿಎಸ್ ಮೇಲೆ ಓಡ್ತಿದ್ರೆ ಶುರು ಮಾಡೋದೇ ಬೇಡ, ಚೆನ್ನಾಗಿ ಕೆಲಸ ಮಾಡ್ತಿರೋ ಪ್ರಿಂಟರ್ ಡ್ರೈವರ್ ಮುಟ್ಟೋಕೆ ಮುಂಚೆ ಒಂದು ಮಾತು ಕೇಳಿ. ಪ್ರೊ ಎಡಿಷನ್ ತಗೊಂಡ್ರೆ ಮುಂದೂಡೋ ಆಯ್ಕೆಗಳೆಲ್ಲ ಇದೆ ಅಂತ ಚಾಟಲ್ಲಿ ಹೇಳಿದ್ರು. ನನ್ನ ಕಂಪ್ಯೂಟರ್ ಯಾವಾಗ ಆಫ್ ಆಗ್ಬೇಕು ಅನ್ನೋದಕ್ಕೆ ನಾನು ಇನ್ನೊಂದು ಸಲ ಯಾಕೆ ದುಡ್ಡು ಕೊಡ್ಲಿ?

ಭಾನುವಾರ ಅಂಗಡಿ ರಜ, ಆವತ್ತು ಎಷ್ಟು ಅಪ್‌ಡೇಟ್ ಬೇಕಾದ್ರೂ ನಾನೇ ಕೂತು ಹಾಕ್ತೀನಿ. ವಾರದ ಮಿಕ್ಕ ದಿನ ಅದನ್ನ ತಡೆಯೋದು ಹೆಂಗೆ ಅಂತ, ನನ್ನ ಹತ್ರ ಇರೋ ಎಡಿಷನ್‌ಗೇ ಅನ್ವಯ ಆಗೋ ಹಾಗೆ, ಕನ್ನಡದಲ್ಲಿ ಬರೆದು ಕಳಿಸಿ. ಬೇಗ ಕಳಿಸಿ, ಮುಂದಿನ ತಿಂಗಳು ಮದುವೆ ಸೀಸನ್ನು, ಒಂಬತ್ತು ಲಗ್ನಪತ್ರಿಕೆ ಆರ್ಡರ್ ಈಗಾಗಲೇ ಒಪ್ಕೊಂಡಿದ್ದೀನಿ.

ಇಂತಿ,
ತಿಪಟೂರಿನ ನಿಮ್ಮ ಗ್ರಾಹಕ