ಪುಟ್ಟಂಗೆ, ಸರ ಅಡ ಇಡೋಕೆ ಮುಂಚೆ

ಪುಟ್ಟಾ, ಹೇಗಿದ್ದೀಯೋ. ನಿನ್ನೆ ರಾತ್ರಿ ನಿಮ್ಮಮ್ಮ ಫೋನ್ ಮಾಡಿದ್ರು. ನೀನು ಬಿಟಿಎಂ ಲೇಔಟ್‌ನಲ್ಲಿ ಯಾವ್ದೋ ಇನ್‌ಸ್ಟಿಟ್ಯೂಟ್ ನೋಡ್ಕೊಂಡು ಬಂದಿದ್ದೀಯಂತೆ, ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟುಗಳು, ಮೊದಲ ಮೆಟ್ಟಿಲು ಸಿಸಿಎನ್ಎ, ಅದರ ಮೇಲಿನ ಸಿಸಿಎನ್‌ಪಿ, ಇನ್ನೂ ಮೇಲಿನ ಸಿಸಿಐಇ ಮೂರೂ ಒಂದೇ ಪ್ಯಾಕೇಜಂತೆ, ಒಂದೂವರೆ ಲಕ್ಷವಂತೆ, ಪ್ಲೇಸ್‌ಮೆಂಟ್ ಗ್ಯಾರಂಟಿ ಅಂದಿದ್ದಾರಂತೆ, ಅದಕ್ಕೆ ಅತ್ತಿಗೆ ಎರಡೆಳೆ ಸರ ಅಡ ಇಡೋ ಮಾತಾಡ್ತಿದ್ರು. ಫೋನಲ್ಲಿ ಹೇಳಿದ್ರೆ ನೀನು ಹೂಂ ಅತ್ತೆ ಹೂಂ ಅತ್ತೆ ಅಂತ ಇಟ್ಬಿಡ್ತೀಯ, ಅದಕ್ಕೇ ಕೂತು ಟೈಪ್ ಮಾಡ್ತಿದೀನಿ, ಪೂರ್ತಿ ಓದು.

ಸರ ಅಡ ಇಡೋದು ಬೇಡ. ಸಿಸಿಎನ್ಎ ಖಂಡಿತ ಮಾಡು. ಉಳಿದೆರಡು ಈಗ ಬೇಡ.

ಹತ್ತು ತಿಂಗಳಿಂದ ಆಫರ್ ಲೆಟರ್ ಇಟ್ಕೊಂಡು ಜಾಯ್ನಿಂಗ್ ಡೇಟ್‌ಗೆ ಕಾಯೋದು ಎಷ್ಟು ಕಷ್ಟ ಅಂತ ನಂಗೊತ್ತು ಕಣೋ. ನಾನು ಇಂಜಿನಿಯರಿಂಗ್ ಮುಗಿಸಿದ್ದು 2001ರಲ್ಲಿ, ಡಾಟ್‌ಕಾಮ್ ಕಂಪನಿಗಳು ಒಂದರ ಹಿಂದೊಂದು ಮುಚ್ಚಿದ ಟೈಮು. ತಾತ ಪಿಎಫ್‌ನಿಂದ ದುಡ್ಡು ತೆಗ್ದು ನನ್ನ ಒಂದು ಇನ್‌ಸ್ಟಿಟ್ಯೂಟಿಗೆ ಸೇರಿಸಿದ್ರು. ಅಲ್ಲಿ ರೂಟರ್ ಇದ್ದಿದ್ದು ಒಂದೇ, ಅದನ್ನ ಮುಟ್ಟೋಕೆ ಮೂವತ್ತು ಜನದ ಕ್ಯೂ. ಕೊನೆಗೆ ಅವರೇ ಒಂದು ಡಂಪ್, ಅಂದ್ರೆ ಕದ್ದ ಪರೀಕ್ಷೆ ಪ್ರಶ್ನೆಗಳ ಕಟ್ಟು, ಕೈಗೆ ಕೊಟ್ರು, ನಾನು ಪ್ರಶ್ನೆ ಉತ್ತರ ಎಲ್ಲ ಬಾಯಿಪಾಠ ಮಾಡಿ ಪಾಸಾದೆ. ಮನೇಲಿ ಪಾಯಸ ಮಾಡಿದ್ರು. ಆಮೇಲೆ ಮೊದಲ ಇಂಟರ್ವ್ಯೂಲಿ ಒಬ್ಬರು ಬೋರ್ಡ್ ಮೇಲೆ ಒಂದು ಸ್ವಿಚ್ಚು, ಒಂದು ರೂಟರ್ರು, ಎರಡು ಪಿಸಿ ಬರೆದು, ಇದು ವಿಎಲ್ಯಾನ್ 10 (ವಿಎಲ್ಯಾನ್ ಅಂದ್ರೆ ಒಂದೇ ಸ್ವಿಚ್ಚೊಳಗೆ ಬೇರೆ ಮಾಡಿಟ್ಟ ನೆಟ್‌ವರ್ಕು), ಇದು ವಿಎಲ್ಯಾನ್ 20, ಇದರಿಂದ ಅದಕ್ಕೆ ಪಿಂಗ್ ಹೋಗ್ತಿಲ್ಲ, ಅಂದ್ರೆ ಒಂದಕ್ಕೊಂದು ಮುಟ್ತಿಲ್ಲ, ಎಲ್ಲಿಂದ ನೋಡ್ತೀರಮ್ಮಾ ಅಂದ್ರು. ಪಿಸಿಲಿ ಗೇಟ್‌ವೇ ಸರಿ ಇದೆಯಾ, ಪೋರ್ಟು ಸರಿಯಾದ ವಿಎಲ್ಯಾನ್‌ನಲ್ಲಿದೆಯಾ, ರೂಟರ್ ಕಡೆ ಟ್ರಂಕ್ (ಹಲವು ವಿಎಲ್ಯಾನ್ ಹೊರೋ ಲಿಂಕು) ಇದೆಯಾ, ಅದರಲ್ಲಿ ಎರಡೂ ವಿಎಲ್ಯಾನ್ ಬಿಟ್ಟಿದಾರಾ, ಇಷ್ಟು ಹೇಳಿದ್ರೂ ಸಾಕಿತ್ತು. ನನ್ನ ಬಾಯಿಂದ ಒಂದು ಮಾತು ಬರ್ಲಿಲ್ಲ. ಪರೀಕ್ಷೆಲಿ ಇದೇ ಥರದ್ದು ಬಂದಿತ್ತು, ಉತ್ತರ ಬಿ ಅಂತ ನೆನಪಿತ್ತು, ಯಾಕೆ ಅಂತ ಗೊತ್ತಿರ್ಲಿಲ್ಲ. ಮೆಜೆಸ್ಟಿಕ್‌ವರೆಗೂ ಬಸ್ಸಲ್ಲಿ ಅತ್ಕೊಂಡೇ ಬಂದೆ, ತಾತಂಗೆ ಮಾತ್ರ ಹೇಳ್ಲಿಲ್ಲ. ಆಮೇಲೆ ಪೀಣ್ಯದ ಒಂದು ಫ್ಯಾಕ್ಟರಿಲಿ ಕೇಬಲ್ ಎಳೆದು ಕ್ರಿಂಪ್ ಮಾಡೋ ಕೆಲಸ ಸಿಕ್ತು, ಮೂರು ಸಾವಿರ ಸಂಬಳ, ನಾನು ನೆಟ್‌ವರ್ಕಿಂಗ್ ಕಲಿತಿದ್ದು ಅಲ್ಲಿ.

ಈಗ ನಾನೇ ಇಂಟರ್ವ್ಯೂ ತಗೊಳ್ತೀನಿ, ಅದಕ್ಕೇ ಒಳಗೆ ಏನಾಗತ್ತೆ ಅಂತ ಹೇಳ್ತೀನಿ ಕೇಳು. ಮಾರ್ಕೆಟ್ ಚೆನ್ನಾಗಿದ್ದಾಗ ಸರ್ಟಿಫಿಕೇಟ್ ಇಲ್ದೇನೂ ಕರೀತಾರೆ, ಟ್ರೈನಿಂಗ್ ಕೊಡೋಣ ಬಿಡಿ ಅಂತಾರೆ. ಮಾರ್ಕೆಟ್ ಬಿದ್ದಾಗ ಒಂದು ಎಲ್1, ಅಂದ್ರೆ ಮೊದಲ ಹಂತದ ಸಪೋರ್ಟ್, ಸೀಟಿಗೆ ನೂರಾರು ರೆಸ್ಯೂಮೆ ಬಂದು ಬೀಳತ್ತೆ, ಎಚ್ಆರ್‌ನವರು ಎಲ್ಲಾ ಓದಕ್ಕಾಗಲ್ಲ, ಸಿಸಿಎನ್ಎ ಅಂತ ಸರ್ಚ್ ಕೊಟ್ಟು ಬಂದಿದ್ದನ್ನ ಮಾತ್ರ ನಮಗೆ ಕಳಿಸ್ತಾರೆ. ಅಲ್ಲಿಗೆ ಸರ್ಟಿಫಿಕೇಟಿನ ಕೆಲಸ ಮುಗೀತು. ಆಮೇಲೆ ನಾವು ಬೋರ್ಡ್ ಮುಂದೆ ನಿಲ್ಲಿಸೋದು ನಿನ್ನನ್ನ.

ಫ್ರೆಶರ್ ರೆಸ್ಯೂಮೆಲಿ ಸಿಸಿಎನ್‌ಪಿ ನೋಡಿದ್ರೆ ನಂಗೆ ಮೊದಲು ಬರೋದು ಅನುಮಾನ. ಸರಿ ಹಾಗಾದ್ರೆ ಅಂತ ಅದೇ ಲೆವೆಲ್ಲಲ್ಲಿ ಕೇಳ್ತೀವಿ, ಒಂದು ಲೈವ್ ನೆಟ್‌ವರ್ಕ್ ಮುಟ್ಟದೆ ಇರೋ ಹುಡುಗ ದೊಡ್ಡ ನೆಟ್‌ವರ್ಕ್‌ಗಳ ಮಧ್ಯೆ ದಾರಿ ತೋರಿಸೋ ಬಿಜಿಪಿ ಬಗ್ಗೆ ಎಷ್ಟು ಹೇಳ್ತಾನೆ ಪಾಪ. ಸಿಸಿಐಇ ಅಂದ್ರೆ ಎಂಟು ಗಂಟೆ ಲ್ಯಾಬ್ ಪರೀಕ್ಷೆ ಕಣೋ, ವರ್ಷಗಟ್ಟಲೆ ಕೆಲಸ ಮಾಡಿದವರೇ ಎರಡು ಮೂರು ಸಲ ಹೋಗ್ತಾರೆ. ಅದನ್ನ ಪ್ಯಾಕೇಜಲ್ಲಿ ಸೇರಿಸಿ ಮಾರೋರ ಮೇಲೆ ನಂಗೆ ನಿಜವಾಗ್ಲೂ ಸಿಟ್ಟು ಬರತ್ತೆ.

ಇನ್ನೊಂದು ವಿಷಯ ಆ ಇನ್‌ಸ್ಟಿಟ್ಯೂಟಿನ ಕೌನ್ಸೆಲರ್ ಹೇಳಿರಲ್ಲ. ಸಿಸಿಎನ್ಎ, ಸಿಸಿಎನ್‌ಪಿ ಎರಡಕ್ಕೂ ವ್ಯಾಲಿಡಿಟಿ ಮೂರು ವರ್ಷ ಅಷ್ಟೇ. ಕೆಲಸ ಇಲ್ದೇ ಇರೋವಾಗ ಎಲ್ಲಾ ಪಾಸ್ ಮಾಡಿಟ್ರೆ ಎಲ್ಲದರ ಗಡಿಯಾರಾನೂ ಮನೇಲೇ ಓಡ್ತಿರತ್ತೆ. ಅದರ ಬದ್ಲು ಈಗ ಸಿಸಿಎನ್ಎ ಮಾಡು, ಕೆಲಸ ಸಿಕ್ಕಿ ಕೈ ಪಳಗಿದ ಮೇಲೆ ಎರಡನೇ ವರ್ಷ ಎನ್‌ಕೋರ್ ಪರೀಕ್ಷೆ ಬರಿ. ಬಹಳಷ್ಟು ಕಡೆ ಕಂಪನಿನೇ ಫೀಸ್ ಕೊಡತ್ತೆ, ಅದು ಸಿಸಿಎನ್‌ಪಿಗೆ ಬೇಕಾದ ಎರಡು ಪೇಪರಲ್ಲಿ ಒಂದು, ಪಾಸಾದ್ರೆ ನಿನ್ನ ಸಿಸಿಎನ್ಎನೂ ರಿನ್ಯೂ ಆಗತ್ತೆ. 2020ರಿಂದ ಸಿಸಿಎನ್ಎ ಇಲ್ದೇನೂ ನೇರ ಸಿಸಿಎನ್‌ಪಿ ಬರೀಬಹುದು, ನಿಜ, ಆದ್ರೆ ಬರೀಬಹುದು ಅಂದ ಮಾತ್ರಕ್ಕೆ ಬರೀಬೇಕು ಅಂತಿಲ್ಲ.

ಖರ್ಚು ಅಂದ್ರೆ ಸಿಸಿಎನ್ಎ ಪರೀಕ್ಷೆ ಫೀಸೇ, 200-301 ಅಂತ ಅದರ ನಂಬರ್ರು, 300 ಡಾಲರ್, ಟ್ಯಾಕ್ಸ್ ಸೇರಿ ಮೂವತ್ತು ಸಾವಿರದ ಆಸುಪಾಸು, ಫೇಲಾದ್ರೆ ಮತ್ತೆ ಅಷ್ಟೇ ಕಟ್ಟಬೇಕು. ಅದನ್ನ ನಾನು ಕಟ್ತೀನಿ, ನಿಮ್ಮಪ್ಪನ ಹತ್ರ ಈ ಮಾತು ಎತ್ಬೇಡ, ಅಣ್ಣಂಗೆ ಬೇಜಾರಾಗತ್ತೆ. ಪ್ರಾಕ್ಟೀಸಿಗೆ ಕಂಪ್ಯೂಟರಲ್ಲೇ ನೆಟ್‌ವರ್ಕ್ ಕಟ್ಟಿ ನೋಡೋ ಪ್ಯಾಕೆಟ್ ಟ್ರೇಸರ್ ಫ್ರೀ ಇದೆ, ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಲಿ ಅಕೌಂಟ್ ಮಾಡ್ಕೊಂಡು ಇಳಿಸ್ಕೊ. ದಿನಾ ಒಂದು ಲ್ಯಾಬ್ ಕಟ್ಟು, ನೀನೇ ಕೆಡಿಸು, ನೀನೇ ಸರಿ ಮಾಡು, ಏನು ಕೆಟ್ಟಿತ್ತು, ಹೇಗೆ ಗೊತ್ತಾಯ್ತು ಅಂತ ನೋಟ್‌ಬುಕ್ಕಲ್ಲಿ ಬರಿ. ಸಬ್‌ನೆಟ್ಟಿಂಗ್, ಅಂದ್ರೆ ನೆಟ್‌ವರ್ಕನ್ನ ಚಿಕ್ಕ ಚಿಕ್ಕದಾಗಿ ಹಂಚೋ ಲೆಕ್ಕ, ಮನಸ್ಸಲ್ಲೇ ಬರಬೇಕು, ಸ್ಲ್ಯಾಶ್ 26 ಅಂದ ತಕ್ಷಣ 64 ಅಡ್ರೆಸ್, 62 ಹೋಸ್ಟ್ ಅನ್ಬೇಕು. ಸಿಲಬಸ್‌ನಲ್ಲಿ ಆಟೊಮೇಷನ್‌ಗೆ ಬರೀ 10 ಪರ್ಸೆಂಟ್ ಇದೆ ಅಂತ ಬಿಟ್ಬಿಡಬೇಡ. ಎನ್ಒಸಿಲಿ, ಅಂದ್ರೆ ಹಗಲು ರಾತ್ರಿ ನೆಟ್‌ವರ್ಕ್ ಕಾಯೋ ಸೆಂಟರಲ್ಲಿ, ಎಲ್1 ಹುಡುಗರು ಕೈಯಲ್ಲಿ ಮಾಡ್ತಿದ್ದ ಎಷ್ಟೋ ಕೆಲಸ ಈಗ ಸ್ಕ್ರಿಪ್ಟ್ ಮಾಡತ್ತೆ, ಆ ಸ್ಕ್ರಿಪ್ಟ್ ಬರೆಯೋನು ಉಳೀತಾನೆ. ಪೈಥಾನ್ ಸ್ವಲ್ಪ, ಲಿನಕ್ಸ್ ಸ್ವಲ್ಪ ಜೊತೆಗಿಟ್ಕೊ.

ಡಂಪ್ ಮುಟ್ಬೇಡ. ನನ್ನ ಕಥೆ ಹೇಳಿದ್ನಲ್ಲ, ಅದಲ್ದೆ ಸಿಕ್ಕಿಬಿದ್ರೆ ಸರ್ಟಿಫಿಕೇಟೇ ರದ್ದು ಮಾಡ್ತಾರೆ. ಎರಡು ವರ್ಷ ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಕೊಡ್ತೀವಿ ಅನ್ನೋ ಕನ್ಸಲ್ಟೆನ್ಸಿ ಯಾವ್ದಾದ್ರೂ ಸಿಕ್ಕಿದ್ರೆ ಎದ್ದು ಬಂದ್ಬಿಡು. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಸಿಕ್ಕಿ ಸೇರಿದ ಎರಡೇ ತಿಂಗಳಿಗೆ ಹೊರಗೆ ಬಂದ ಹುಡುಗನ್ನ ನೋಡಿದೀನಿ, ಅವನ ಅಮ್ಮ ನಂಗೆ ಫೋನ್ ಮಾಡಿ ಅತ್ತಿದ್ದು ಇನ್ನೂ ಕಿವೀಲಿದೆ.

ಹಾಗಂತ ಪಾಸಾದ ತಿಂಗಳೇ ವೈಟ್‌ಫೀಲ್ಡ್‌ನಲ್ಲಿ ಕೂರ್ತೀಯ ಅಂತ ನಾನು ಹೇಳಲ್ಲ, ಹೈರಿಂಗೇ ನಿಂತಿರೋ ಕಡೆ ಯಾವ ಸರ್ಟಿಫಿಕೇಟೂ ಬಾಗಿಲು ತೆಗೆಸಲ್ಲ. ಆದ್ರೆ ಇಂಟರ್‌ನೆಟ್ ಕೊಡೋ ಕಂಪನಿಗಳು, ಆಸ್ಪತ್ರೆಗಳು, ಕಾಲೇಜುಗಳು, ಬ್ಯಾಂಕಿನ ಬ್ರಾಂಚ್‌ಗಳ ಲಿಂಕ್ ನೋಡ್ಕೊಳ್ಳೋ ವೆಂಡರ್‌ಗಳು, ಇವರ ನೆಟ್‌ವರ್ಕು ಆರ್ಥಿಕತೆ ಬಿತ್ತು ಅಂತ ಕೆಡೋದನ್ನ ನಿಲ್ಸಲ್ಲ. ಫೀಲ್ಡ್ ಇಂಜಿನಿಯರ್ ಕೆಲಸ, ಬೈಕಲ್ಲಿ ಊರೆಲ್ಲ ಸುತ್ತಬೇಕು, ಇಲ್ಲಾಂದ್ರೆ ಎನ್ಒಸಿ ನೈಟ್ ಶಿಫ್ಟು. ಸಂಬಳ ಕಮ್ಮಿ, ತಗೊ. ನಿನ್ನ ಕ್ಲಾಸ್‌ಮೇಟ್ ಏನು ಮಾಡ್ತಿದಾನೆ ಅಂತ ನೋಡ್ಬೇಡ.

ಈ ಭಾನುವಾರ ತುಮಕೂರಿಂದ ಬೆಳಗ್ಗೆನೇ ಹೊರಡು. ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನ್ ಹತ್ತಿ ವಿಜಯನಗರದಲ್ಲಿ ಇಳಿ, ಮಾವ ಗಾಡಿ ತಗೊಂಡು ಬರ್ತಾರೆ. ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ತಂದಿದ್ದ ಎರಡು ಹಳೇ ಸ್ವಿಚ್ಚು ಅಟ್ಟದ ಮೇಲಿದೆ, ಕನ್ಸೋಲ್ ಕೇಬಲ್ಲೂ ಇದೆ, ಇಳಿಸಿ ಒರೆಸಿಡ್ತೀನಿ. ಲ್ಯಾಪ್‌ಟಾಪ್ ಚಾರ್ಜರ್ ಮರೀಬೇಡ, ಹೋದ ಸಲ ಮರೆತಿದ್ದೆ. ಅತ್ತಿಗೆಗೆ ಸರ ಬೀರುಲೇ ಇಡೋಕೆ ಹೇಳು.

ನಿನ್ನ ಅತ್ತೆ